ಪೆಟ್ರೋಲ್ ಅತ್ತರಿನ ಕೋಟು

ಕಾರಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಗೋಕಾಕ ಪೇಟೆಯಲ್ಲಿ ನಾನು ಟೇಲರ್. ಹೊಲಿಗೆ ಮಷೀನಿಗೆ ಚಕ್ರವಿದೆ, ಕಾರಿಗೂ ಚಕ್ರವಿದೆ. ಮಷೀನಿಗೆ ಕಾಲಿನಿಂದ ತುಳಿಯುವ ಪೆಡಲ್ ಇದೆ, ಕಾರಿಗೂ ಇದೆ. ಮಷೀನಿಗೆ ಎಣ್ಣೆ ಬಿಡಬೇಕು, ಕಾರಿಗೂ ಬಿಡಬೇಕು. ಇನ್ನುಳಿದ ಚಿಲ್ಲರೆ ವ್ಯತ್ಯಾಸಗಳನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ತುಂಬಿಕೊಂಡಿದ್ದೆ. ಓಣಿಯಲ್ಲಿ ಯಾರದಾದರೂ ಗಾಡಿ ಕೆಮ್ಮಿದರೆ ಸಾಕು, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿ ಹೋಗಿ ಬಾನೆಟ್ ಎತ್ತಿಸಿ ನಿಲ್ಲುತ್ತಿದ್ದೆ. ದೊಡ್ಡ ಆಸ್ಪತ್ರೆಯ ಡಾಕ್ಟರರೂ ಕೊರಳಲ್ಲಿ ಏನೋ ಒಂದು ನೇತಾಡಿಸಿಕೊಂಡೇ ಇರುತ್ತಾರಲ್ಲ!

ನನ್ನ ಕಾರು ಬಿಳಿಯದು, ಪೆಟ್ರೋಲಿನದು, ನನಗಿಂತ ಮುಂಚೆ ಇನ್ನೂ ಕೆಲವರ ಸೇವೆ ಮಾಡಿ ಬಂದದ್ದು. ಅದನ್ನು ಮನೆಗೆ ತಂದ ದಿನವೇ ನಾನೊಂದು ಸಿದ್ಧಾಂತ ಮಂಡಿಸಿದ್ದೆ. ಟಾಕಿ ತುಂಬ ಪೆಟ್ರೋಲ್ ಹಾಕಿಸಿದರೆ ಗಾಡಿ ಭಾರವಾಗುತ್ತದೆ. ಭಾರವಾದರೆ ಮೈಲೇಜ್ ಬೀಳುತ್ತದೆ. ಆದ್ದರಿಂದ ಬುದ್ಧಿವಂತನಾದವನು ಪೆಟ್ರೋಲನ್ನು ಎಲೆಯ ತುದಿಗೆ ಉಪ್ಪು ಬಡಿಸಿದಷ್ಟೇ ಹಾಕಿಸತಕ್ಕದ್ದು. ಹೀಗಾಗಿ ನನ್ನ ಕಾರಿನಲ್ಲಿ ಪೆಟ್ರೋಲ್ ಮುಗಿಯುತ್ತಾ ಬಂತೆಂದು ಹೇಳುವ ಕೆಂಪು ದೀಪ ಸದಾ ಉರಿಯುತ್ತಿತ್ತು. ಅದನ್ನು ನಾನು ನಂದಾದೀಪವೆಂದು ತಿಳಿದುಕೊಂಡಿದ್ದೆ.

“ಒಂದಲ್ಲಾ ಒಂದಿನಾ ನಡು ರಸ್ತೇದಾಗ ನಿಂದ್ರತೈತ್ರಿ ಇದು,” ಎಂದು ನನ್ನ ಹೆಂಡತಿ ಹಸೀನಾ ಹೇಳುತ್ತಿದ್ದಳು.

“ಇದು ಸೈನ್ಸ್ ಐತಿ. ನಿನಗ ತಿಳಿಯೂದಿಲ್ಲ ಬಿಡು,” ಎನ್ನುತ್ತಿದ್ದೆ ನಾನು.

ನಾವು ಮನೆಯಲ್ಲಿ ಉರ್ದು ಮಾತಾಡುವವರು. ಆದರೆ ಜಗಳ ಮಾತ್ರ ಕನ್ನಡದಲ್ಲಿ. ಓಣಿಯವರಿಗೂ ತಿಳಿಯಬೇಕಲ್ಲ! ಕಾರಿನ ವಿಷಯದಲ್ಲಿ ನಾವು ಆಡಿದ್ದೆಲ್ಲ ಕನ್ನಡವೇ.

ಇಂಥ ವಿದ್ಯಾವಂತನಾದ ನನಗೆ ಒಬ್ಬ ಜೀವದ ಗೆಳೆಯ. ಹೆಸರು ಬೀರಪ್ಪ, ನಾಗನೂರಿನವನು. ಸಾಲಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಬೆತ್ತದಿಂದ ಹೊಡೆಸಿಕೊಂಡವರು ನಾವು. ಅವನ ಮನೆತನ ಕುರಿ ಸಾಕುವವರದು. ಈಗ ಹೊಲವೂ ಇದೆ, ಹಟ್ಟಿ ತುಂಬ ಕುರಿಗಳೂ ಇವೆ. ಅವನ ಮಗ ಸಿದ್ದುವಿಗೆ ಹುಕ್ಕೇರಿಯ ಕನ್ಯೆ ಗೊತ್ತಾಯಿತು. ಸುದ್ದಿ ಕೇಳಿದ ಕೂಡಲೇ ನಾನು ನನ್ನ ಉಡುಗೊರೆಯನ್ನು ಘೋಷಿಸಿಬಿಟ್ಟೆ: “ಮದುಮಗನ ಕೋಟು ನನ್ನ ಕಡಿಂದ ಆಯಾರ!”

ಆ ಕೋಟಿಗೆ ನಾನು ಜೀವ ತೇಯ್ದಿದ್ದೆ. ಜೋಧಪುರಿ ಕೋಟು, ನವಿಲಿನ ಕೊರಳಿನ ಬಣ್ಣ, ಬಂಗಾರದ ಬಣ್ಣದ ಗುಂಡಿ, ಕಾಲರಿಗೆ ಕೈಯಿಂದಲೇ ಹಾಕಿದ ಕಸೂತಿ. ಹೊಲಿದು ಮುಗಿಸಿ ಅಂಗಡಿಯ ಮುಂದೆ ತೂಗುಹಾಕಿದಾಗ ದಾರಿಯಲ್ಲಿ ಹೋಗುತ್ತಿದ್ದ ಮದುವೆಯಾದವರಿಗೂ ಇನ್ನೊಮ್ಮೆ ಮದುವೆಯಾಗುವ ಮನಸ್ಸು ಬರುವಂತಿತ್ತು. ಬೀರಪ್ಪ ಬೀಗರ ಮನೆಯಲ್ಲಿ ಕೂತು, ನಿಂತು, ಫೋನಿನಲ್ಲಿ, ಎಲ್ಲ ರೀತಿಯಲ್ಲೂ ಆ ಕೋಟಿನ ವರ್ಣನೆ ಮಾಡಿ ಇಟ್ಟಿದ್ದ. ಹುಕ್ಕೇರಿಯವರು ವರನಿಗಿಂತ ಹೆಚ್ಚಾಗಿ ಕೋಟಿನ ದಾರಿ ಕಾಯುತ್ತಿದ್ದರು.

ಮದುವೆಯ ಹಿಂದಿನ ದಿನ ಬೀರಪ್ಪನ ಪಿಕಪ್ ಗಾಡಿ ಅಂಗಡಿಯ ಮುಂದೆ ಬಂದು ನಿಂತಿತು. “ಕೋಟು ಕೊಡು, ನಾ ಒಯ್ತೇನಿ,” ಎಂದ.

“ಕುರಿ ಹೇರೋ ಗಾಡ್ಯಾಗ ನನ್ನ ಕೋಟೇನು? ಅದು ನಾಳಿ ಮುಂಜಾನಿ ನನ್ನ ಕಾರಿನಾಗ ಬರತೈತಿ. ನನ್ನ ಕೈಯಾರೆ ಸಿದ್ದೂಗ ತೊಡಸ್ತೇನಿ. ಎಲ್ಲಾರೂ ನೋಡಬೇಕು!”

“ಕೊಟ್ಟು ಕಳಸ್ರಿ, ಸುಮ್ನ ಯಾಕ?” ಎಂದಳು ಹಸೀನಾ ಒಳಗಿನಿಂದ.

“ಎಲ್ಲಾರೂ ನೋಡಬೇಕು!” ಎಂದು ನಾನು ಮತ್ತೊಮ್ಮೆ ಹೇಳಿದೆ. ದೇವರು ಎಲ್ಲ ಮಾತನ್ನೂ ಕೇಳಿಸಿಕೊಳ್ಳುತ್ತಾನೆ. ಈ ಮಾತನ್ನು ಸ್ವಲ್ಪ ಹೆಚ್ಚೇ ಗಮನವಿಟ್ಟು ಕೇಳಿಸಿಕೊಂಡ.

ಮರುದಿನ ಬೆಳಿಗ್ಗೆ ಹೊರಟೆವು. ಕೋಟನ್ನು ಹಿಂದಿನ ಸೀಟಿನ ಮೇಲೆ ಎಳೆಗೂಸಿನಂತೆ ಮಲಗಿಸಿ, ಮಡಿಕೆ ಬೀಳದಂತೆ ಕಾಯಲು ಹಸೀನಾಳನ್ನು ಪಕ್ಕದಲ್ಲಿ ಕೂರಿಸಿದೆ. ಒಳಗಿನ ಬಿಳಿ ಅಂಗಿ, ಪ್ಯಾಂಟು ಅವಳ ಚೀಲದಲ್ಲಿದ್ದವು. ಬಂಕಿನಲ್ಲಿ ಉಪ್ಪಿನಷ್ಟು ಪೆಟ್ರೋಲ್ ಹಾಕಿಸಿದೆ. ಹುಕ್ಕೇರಿ ಏನು ದಿಲ್ಲಿಯೇ?

ಘಟಪ್ರಭಾ ಬರುವುದರೊಳಗೆ ಹಸೀನಾ ಕೇಳಿದಳು: “ಏನ್ರಿ, ನನ್ನ ಸೀಟಿನ ಬುಡಕ ಏನೋ ಕುಂಯ್ಯ್ ಅನ್ನಾಕತ್ತೈತಿ.”

“ಟೈರಿನ ಸಪ್ಪಳಾ.”

“ಟೈರ್ ಹೊರಗ ಇರತೈತ್ರಿ. ಇದು ಒಳಗ ಐತಿ. ನಾಯಿಮರಿ ಅತ್ತಂಗ ಕೇಳಸ್ತೈತಿ.”

“ನಿನ್ನ ಬಳಿ ಸಪ್ಪಳಾ ಇರಬೇಕು. ಕೋಟಿನ ಮ್ಯಾಲೆ ಲಕ್ಷ್ಯ ಇಡು!”

ಘಟಪ್ರಭಾ ದಾಟಿ ಒಂದು ಏರು ಬಂತು. ಏರೆಂದರೆ ಅಂಥ ಏರೇನಲ್ಲ, ಎತ್ತುಗಳೂ ಅದನ್ನು ಏರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ನನ್ನ ಕಾರು ಒಮ್ಮೆಲೆ ವೈರಾಗ್ಯ ತಾಳಿತು. ನಾನು ಎಕ್ಸಲರೇಟರ್ ಒತ್ತಿದೆ, ಅದು ನಿಧಾನವಾಯಿತು. ಇನ್ನೂ ಒತ್ತಿದೆ, ಇನ್ನೂ ನಿಧಾನವಾಯಿತು. ಪೂರ್ತಿ ತುಳಿದೆ, ಬಿಕ್ಕಳಿಸಿತು. ಹಿಂದಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರೊಂದು, ಎರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ನಮ್ಮನ್ನು ಹಿಂದೆ ಹಾಕಿ ಹೋಯಿತು. ಹೋಗುವಾಗ ಅದರ ಡ್ರೈವರ್ ನಮ್ಮ ಕಡೆ ಮರುಕದಿಂದ ನೋಡಿದ. ಕಬ್ಬಿನ ಟ್ರ್ಯಾಕ್ಟರಿನವನ ಮರುಕಕ್ಕೆ ಪಾತ್ರನಾದ ಕಾರಿನ ಮಾಲೀಕ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇದ್ದೇನು!

ಕಾರು ಪಕ್ಕಕ್ಕೆ ನಿಂತಿತು. ನಾನು ಇಳಿದು, ಬಾನೆಟ್ ಎತ್ತಿ, ಒಳಗೆ ಗಂಭೀರವಾಗಿ ನೋಡಿದೆ. ಒಳಗಿನವೂ ನನ್ನನ್ನು ಗಂಭೀರವಾಗಿ ನೋಡಿದವು. ಅಲ್ಲಿ ಸಾಕಷ್ಟು ಪೈಪುಗಳಿದ್ದವು, ಡಬ್ಬಿಗಳಿದ್ದವು. ಕೈಗೆ ಸಿಕ್ಕಿದ್ದನ್ನೆಲ್ಲ ಬಟ್ಟೆಯಿಂದ ಒರೆಸಿದೆ. ಟೇಲರಿಗೆ ಬಟ್ಟೆಯ ಚೂರಿಗೇನು ಬರ?

“ಎ.ಸಿ. ಹಚ್ಚಿದ್ದೆವಲ್ಲಾ, ಅದಕ್ಕ ಗಾಡೀಗ ಶಕ್ತಿ ಸಾಲವಲ್ದು,” ಎಂದು ರೋಗನಿದಾನ ಮಾಡಿದೆ. ಎ.ಸಿ. ಆರಿಸಿ ಕೀಲಿ ತಿರುವಿದರೆ, ಏನಾಶ್ಚರ್ಯ, ಗಾಡಿ ಸರಕ್ಕನೆ ಶುರುವಾಯಿತು! ಏರನ್ನು ಹುಲಿಯಂತೆ ಏರಿತು. ನಾನು ಕನ್ನಡಿಯಲ್ಲಿ ಹಸೀನಾಳ ಮುಖ ನೋಡಿದೆ. ಮೆಚ್ಚುಗೆ ಕಾಣಲಿಲ್ಲ. ಬೆವರು ಕಾಣಿಸಿತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಅದೇ ಬಿಕ್ಕಳಿಕೆ. ಮತ್ತೆ ನಿಂತಿತು. ಈ ಸಲ ನನಗೆ ವಿಡಿಯೋ ನೆನಪಾಯಿತು. ಏರ್ ಫಿಲ್ಟರ್! ಗಾಡಿಗೂ ಮೂಗಿರುತ್ತದೆ, ಮೂಗು ಕಟ್ಟಿದರೆ ಓಡುವುದು ಹೇಗೆ? ಡಬ್ಬಿ ಬಿಚ್ಚಿ ಫಿಲ್ಟರ್ ತೆಗೆದು, ರಸ್ತೆ ಬದಿಯ ಕಲ್ಲಿಗೆ ಧೋಬಿಯಂತೆ ಬಡಿದೆ. ಅದರಲ್ಲಿದ್ದ ಧೂಳು ಮೂರು ತಾಲೂಕಿನದು. ಅಷ್ಟೂ ನನ್ನ ಮುಖಕ್ಕೆ ಬಂತು. ಮದುವೆಗೆಂದು ಹಾಕಿಕೊಂಡ ಬಿಳಿ ಕುರ್ತಾ ಚಹಾದ ಬಣ್ಣಕ್ಕೆ ತಿರುಗಿತು. ಆದರೆ ಕೀಲಿ ತಿರುವಿದ ಕೂಡಲೇ ಗಾಡಿ ಮತ್ತೆ ಶುರು!

“ನೋಡಿದ್ಯಾ? ಮೂಗು ಕಟ್ಟಿತ್ತು. ನಾ ಬಿಡಿಸಿದೆ.”

“ಮೊದಲ ನಿಮ್ಮ ಮೂಗು ಒರಸ್ಕೋರ್ರಿ,” ಎಂದಳು ಹಸೀನಾ. “ಮತ್ತ ಆ ಕುಂಯ್ಯ್ ಸಪ್ಪಳಾ ಈಗ ಜೋರ ಆಗೈತಿ. ನನ್ನ ಮಾತು ಒಂಚೂರು ಕೇಳ್ರಿ.”

ಆಗ ಫೋನು ರಿಂಗಾಯಿತು. ಬೀರಪ್ಪ.

“ಲೇ ದಸ್ತಗೀರಾ, ಎಲ್ಲಿ ಅದೀಯೋ? ಹುಡುಗ ಬನಿಯನ್ ಮ್ಯಾಲೆ ಕುಂತಾನ!”

“ಬಂದೆ ದೋಸ್ತ, ಇಲ್ಲೇ, ಹುಕ್ಕೇರಿ ಕಾಣಾಕತ್ತೈತಿ!”

ಕಾಣುತ್ತಿದ್ದದ್ದು ಕಬ್ಬಿನ ಹೊಲ. ಆದರೆ ಕಬ್ಬು ಅಡ್ಡ ಇರದಿದ್ದರೆ ಹುಕ್ಕೇರಿ ಕಂಡರೂ ಕಾಣಬಹುದಿತ್ತು. ಆದ್ದರಿಂದ ಅದು ಪೂರ್ತಿ ಸುಳ್ಳಲ್ಲ.

ಮುಂದೆ ಒಂದು ಚಹಾದ ಅಂಗಡಿಯ ಎದುರು ಕಾರು ಮೂರನೆಯ ಸಲ ಪ್ರಾಣ ಬಿಟ್ಟಿತು. ಈ ಸಲ ನೋಡಲು ಜನರಿದ್ದರು, ಹಾಗಾಗಿ ನನ್ನ ಉತ್ಸಾಹವೂ ಹೆಚ್ಚಿತು. ಅಂಗಡಿಯವನು ಕೈಯಲ್ಲಿ ಚಹಾದ ಜರಡಿ ಹಿಡಿದುಕೊಂಡೇ ಬಂದು, “ದೃಷ್ಟಿ ಆಗೈತ್ರಿ ಕಾಕಾ. ನಿಂಬಿಹಣ್ಣು ಇಳಿಸ್ರಿ,” ಎಂದ.

ನಾನು ನಕ್ಕೆ. ವಿಜ್ಞಾನಿಯಾದವನು ಇಂಥದನ್ನೆಲ್ಲ ನಂಬುತ್ತಾನೆಯೇ? ನಗುತ್ತಲೇ ಒಂದು ನಿಂಬೆಹಣ್ಣು ತೆಗೆದುಕೊಂಡು ಕಾರಿಗೆ ಇಳಿಸಿ ಗಾಲಿಯ ಕೆಳಗಿಟ್ಟೆ. ಆಮೇಲೆ ನನ್ನ ಅಸಲು ನಿದಾನವನ್ನು ಸಭೆಗೆ ತಿಳಿಸಿದೆ: “ಇದು ಟಾಕಿ ಉಸಿರು ಕಟ್ಟಿದ್ದು. ಒಳಗ ಗಾಳಿ ಹೋಗವಲ್ದು, ಅದಕ್ಕ ಪೆಟ್ರೋಲ್ ಮುಂದ ಬರವಲ್ದು.” ಹೀಗೆ ಹೇಳಿ ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು ಜೇಬಿಗೆ ಹಾಕಿಕೊಂಡೆ. ಒಂದು ಚಹಾ ಕುಡಿದೆ. ಕೀಲಿ ತಿರುವಿದೆ. ಗಾಡಿ ಶುರು! ನೆರೆದವರು ಚಪ್ಪಾಳೆ ತಟ್ಟಿದರು. ಚಹಾದವನು ನಿಂಬೆಹಣ್ಣಿಗೆ ತಟ್ಟಿದ. ನಾನು ನನಗೆಂದೇ ತಿಳಿದುಕೊಂಡೆ.

ಈಗ ಕುಳಿತು ಯೋಚಿಸಿದರೆ ನನ್ನ ಕಾರು ಎಷ್ಟು ದೊಡ್ಡ ಮೋಸಗಾರನೆಂದು ತಿಳಿಯುತ್ತದೆ. ನಿಂತಾಗಲೆಲ್ಲ ಅದಕ್ಕೆ ಬೇಕಾಗಿದ್ದದ್ದು ಒಂದಿಷ್ಟು ವಿಶ್ರಾಂತಿ. ನಾನು ಎ.ಸಿ. ಆರಿಸಿದರೂ, ಫಿಲ್ಟರ್ ಬಡಿದರೂ, ಚಹಾ ಕುಡಿದರೂ, ಸುಮ್ಮನೆ ಒಂದು ನಿದ್ದೆ ತೆಗೆದಿದ್ದರೂ ಅದು ಎದ್ದು ಓಡುತ್ತಿತ್ತು. ಅದು ತಾನೇ ಸುಧಾರಿಸಿಕೊಂಡು ಏಳುತ್ತಿತ್ತು, ನಾನು ಆ ಕೀರ್ತಿಯನ್ನು ನನ್ನ ಹೆಸರಿಗೆ ಬರೆದುಕೊಳ್ಳುತ್ತಿದ್ದೆ!

ಟಾಕಿಯ ಬಾಯಿ ತೆರೆದುಕೊಂಡು ಹೊರಟ ನಮ್ಮನ್ನು ಕಂಡು ಬೈಕಿನವರೆಲ್ಲ ಕೈ ಬೀಸತೊಡಗಿದರು. “ಕಾಕಾ, ಟಾಕೀ... ಟಾಕೀ...” ಎಂದು ಕೂಗಿದರು. ನಾನೂ ಪ್ರತಿಯೊಬ್ಬರಿಗೂ ಕೈ ಬೀಸಿದೆ. ಮದುವೆಗೆ ಹೊರಟವನು ಎಲ್ಲರೊಡನೆ ನಗುನಗುತ್ತಾ ಇರಬೇಕು.

“ಅವರು ನಮಸ್ಕಾರ ಮಾಡಾಕತ್ತಿಲ್ರಿ, ಬೈಯಾಕತ್ತಾರ,” ಎಂದಳು ಹಸೀನಾ.

ಒಂದು ಬಯಲಿನಲ್ಲಿ, ಹತ್ತಿರ ಬೇವಿನ ಗಿಡವೊಂದನ್ನು ಬಿಟ್ಟರೆ ನೆರಳೇ ಇಲ್ಲದ ಕಡೆ, ಕಾರು ಕೊನೆಯ ಸಲ ನಿಂತಿತು. ಈ ಸಲ ಬಿಕ್ಕಳಿಸಲೂ ಇಲ್ಲ. ನಾನು ವಿಶ್ರಾಂತಿ ಕೊಟ್ಟೆ, ಬೇಡಿಕೊಂಡೆ, ಬೈದೆ. ಕೀಲಿ ತಿರುವಿದರೆ ಮುಂದೆ ಗರ್ರ್ ಗರ್ರ್ ಎನ್ನುತ್ತಿತ್ತೇ ಹೊರತು ಹೊತ್ತಿಕೊಳ್ಳಲೊಲ್ಲದು. ನಮ್ಮ ಪಕ್ಕದಲ್ಲೇ ಒಂದು ಕುರಿಯ ಹಿಂಡು ಹುಕ್ಕೇರಿಯ ಕಡೆ ಹೊರಟಿತ್ತು. ಒಂದೊಂದೇ ಕುರಿ ನಮ್ಮನ್ನು ದಾಟಿ ಹೋಗುವಾಗ, ಬೀರಪ್ಪನ ಕುರಿ ಗಾಡಿಗೆ ನಾನು ಅಂದ ಮಾತು ನೆನಪಾಗಿ ಮುಖ ಬೇರೆ ಕಡೆ ತಿರುಗಿಸಿದೆ.

“ಕೀಲಿ ಇನ್ನೊಮ್ಮಿ ತಿರವ್ರಿ,” ಎಂದಳು ಹಸೀನಾ. “ಶುರು ಮಾಡಬ್ಯಾಡ್ರಿ, ಅರ್ಧಾ ಅಷ್ಟ ತಿರವ್ರಿ.”

ತಿರುವಿದೆ. ಅವಳು ಸೀಟಿಗೆ ಕಿವಿ ಹಚ್ಚಿದಳು.

“ಮುಂಜಾನಿ ನೀವು ಕೀಲಿ ತಿರುವಿದಾಗ ಇಲ್ಲಿ ಬುಡಕ ಸಣ್ಣಗ ಗುಂಯ್ ಅಂದಿತ್ತು. ದಾರ್ಯಾಗ ಅದು ಕುಂಯ್ಯ್ ಅಂತ ಅಳಾಕತ್ತಿತ್ತು. ಈಗ ಸಪ್ಪಳಾನೇ ಇಲ್ಲ. ನಮ್ಮ ಓವರ್‌ಲಾಕ್ ಹೊಲಿಗಿ ಮಷೀನಿನ ಮೋಟರು ಕಾದು ಕಾದು ನಿಂದ್ರತಿತ್ತಲ್ಲಾ, ಆರಿದ ಮ್ಯಾಲೆ ಮತ್ತ ಓಡತಿತ್ತು, ಕಡೀಗೆ ಒಂದಿನಾ ಪೂರಾ ಸುಟ್ಟು ಹೋತು. ಇದೂ ಹಂಗಽ ಐತ್ರಿ. ಇಲ್ಲಿ ಬುಡಕ ಯಾವುದೋ ಮೋಟರ್ ಐತಿ.”

ನನ್ನ ತಲೆಯಲ್ಲಿ ದೀಪ ಹತ್ತಿತು. ಪೆಟ್ರೋಲ್ ಪಂಪು! ಟಾಕಿಯೊಳಗೆ ಕುಳಿತು ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪುಟ್ಟ ಮೋಟರು. ಅದರ ಜಾಗ ಹಿಂದಿನ ಸೀಟಿನ ಕೆಳಗೆ! ಅದರ ವಿಡಿಯೋವನ್ನೂ ನಾನು ನೋಡಿದ್ದೆ. ಅರ್ಧ ನೋಡುವಾಗ ಗಿರಾಕಿ ಬಂದಿದ್ದರು.

“ಹಸೀನಾ,” ಎಂದೆ, ಗಂಟಲು ಸರಿಮಾಡಿಕೊಂಡು, “ನನ್ನ ಅಭಿಪ್ರಾಯದ ಪ್ರಕಾರ ಇದು ಫ್ಯೂಯಲ್ ಪಂಪಿನ ದೋಷ.”

ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಕೋಟು ಹಿಡಿದುಕೊಂಡು ಯಾವುದಾದರೂ ಗಾಡಿ ಹತ್ತಿದ್ದರೆ ಗೌರವದಿಂದಲೇ ಮುಟ್ಟುತ್ತಿದ್ದೆವು. ಆದರೆ ನಿದಾನ ಗೊತ್ತಾದ ಮೇಲೆ ಚಿಕಿತ್ಸೆ ಮಾಡದೆ ಬಿಡುವುದು ವೈದ್ಯಧರ್ಮವಲ್ಲ. ಕನೆಕ್ಷನ್ ಸಡಿಲಾಗಿರಬಹುದು, ಒಮ್ಮೆ ತೆಗೆದು ಹಾಕಿದರೆ ಸಾಕು ಎಂದುಕೊಂಡೆ. ಸೀಟು ಎತ್ತಬೇಕಾದರೆ ಕೋಟನ್ನು ಹೊರಗಿಡಬೇಕಲ್ಲ?

“ಕೊಡ್ರಿ, ಆ ಬೇವಿನ ಗಿಡಕ್ಕ ತೂಗಹಾಕ್ತೇನಿ,” ಎಂದಳು ಹಸೀನಾ.

“ಗಿಡದ ಮ್ಯಾಲೆ ಕಾಗಿ ಅದಾವು! ಹೊಲಸ ಮಾಡಿದ್ರ?” ಎಂದು ಗದರಿಸಿ, ಕೋಟನ್ನು ಅತ್ಯಂತ ಸುರಕ್ಷಿತವಾದ ಜಾಗದಲ್ಲಿ, ಅಂದರೆ ತೆರೆದ ಹಿಂದಿನ ಬಾಗಿಲಿಗೆ, ನನ್ನ ಕಣ್ಣೆದುರೇ ತೂಗುಹಾಕಿದೆ.

ಸೀಟು ಎತ್ತಿದೆ. ಕೆಳಗೆ ಒಂದು ತಗಡಿನ ಮುಚ್ಚಳ, ಅದನ್ನೂ ತೆಗೆದೆ. ಅಲ್ಲಿ ಪಂಪಿನ ತಲೆ, ಅದಕ್ಕೊಂದು ವೈರು, ಒಂದು ಪೈಪು. ವೈರನ್ನು ಬಿಚ್ಚಿ ಹಾಕಿದೆ. ಏನೂ ಆಗಲಿಲ್ಲ. ಪೈಪಿನ ಕೊಂಡಿಯನ್ನು ಒತ್ತಿ ಎಳೆದೆ.

ಪಂಪು ಸತ್ತರೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆಂಬ ವಿಷಯ ಬಹುಶಃ ಆ ವಿಡಿಯೋದ ಉಳಿದರ್ಧದಲ್ಲಿ ಇತ್ತು.

ಚುಂಯ್! ಹೋಳಿಯ ಪಿಚಕಾರಿಯಂತೆ ಪೆಟ್ರೋಲ್ ಚಿಮ್ಮಿತು. ಮೊದಲು ನನ್ನ ಗಡ್ಡಕ್ಕೆ, ಆಮೇಲೆ ಕುರ್ತಾಕ್ಕೆ. ನಾನು ಪ್ರಾಣ ಉಳಿಸಿಕೊಳ್ಳಲು ಬಗ್ಗಿದೆ. ನಾನು ಬಗ್ಗಿದ್ದರಿಂದ ತೆರವಾದ ದಾರಿಯಲ್ಲಿ ಅದು ಸೀದಾ ಹೋಗಿ ನವಿಲು ಬಣ್ಣದ ಕೋಟಿನ ಎದೆಗೆ ಬಿತ್ತು! ಕಾಲರಿನ ಕಸೂತಿಯಿಂದ ಕೆಳಗಿನ ಗುಂಡಿಯವರೆಗೆ, ಒಂದೂ ಬಿಡದಂತೆ.

ಹಸೀನಾ ಕೋಟನ್ನು ನೋಡಿದಳು. ಆಮೇಲೆ ಗಿಡದ ಕಡೆ ನೋಡಿದಳು. “ಕಾಗಿ ಇಷ್ಟು ಹೊಲಸ ಮಾಡ್ತಿದ್ದಿಲ್ರಿ,” ಎಂದಳು.

ನನ್ನ ಕಣ್ಣಲ್ಲಿ ನೀರು ಬಂದದ್ದು ಪೆಟ್ರೋಲಿನ ಘಾಟಿಗೆ ಎಂದು ಹೇಳಿಕೊಳ್ಳಬಹುದು. ಆದರೆ ಖರೆ ಹೇಳಬೇಕೆಂದರೆ ಕಾರಣ ಬೇರೆಯೇ ಇತ್ತು. ಬೀರಪ್ಪ ಎಷ್ಟು ಮಂದಿಯ ಮುಂದೆ ಈ ಕೋಟನ್ನು ಹೊಗಳಿದ್ದನೋ! ಅವನ ಮುಖ ಕಣ್ಣ ಮುಂದೆ ಬಂತು. ಕುಡಿಯುವ ನೀರಿನಿಂದ ಒರೆಸಿದೆ, ಬಿಸಿಲಿಗೆ ಹಿಡಿದೆ, ಗಾಳಿಗೆ ಬೀಸಿದೆ. ಕಲೆ ಆರಿತು, ವಾಸನೆ ಆರಲಿಲ್ಲ. ಆಗ ನನಗೆ ಹೊಳೆದ ಉಪಾಯವನ್ನು ನೆನೆದರೆ ಈಗಲೂ ತಲೆ ಬಗ್ಗುತ್ತದೆ. ಜೇಬಿನಲ್ಲಿ ಗುಲಾಬಿ ಅತ್ತರಿನ ಶೀಶೆ ಇತ್ತು. ಅಷ್ಟನ್ನೂ ಕೋಟಿಗೆ ಸುರಿದೆ!

ಗುಲಾಬಿ ಬೇರೆ, ಪೆಟ್ರೋಲ್ ಬೇರೆ ಇದ್ದಾಗ ಎರಡನ್ನೂ ಸಹಿಸಬಹುದು. ಎರಡೂ ಕೂಡಿದರೆ ಅದು ಗುಲಾಬಿ ತೋಟದಲ್ಲಿ ಟ್ಯಾಂಕರ್ ಮಗುಚಿದಂತೆ.

ಕಾರಿಗೆ ಕೀಲಿ ಹಾಕಿ, ಒಂದು ಟಂಟಂ ಆಟೋ ನಿಲ್ಲಿಸಿ ಹತ್ತಿದೆವು. ಅದರಲ್ಲಿ ಕುಳಿತಿದ್ದ ಮುದುಕರೊಬ್ಬರು ಆಗಷ್ಟೇ ಬೀಡಿ ಬಾಯಿಗಿಟ್ಟು ಕಡ್ಡಿ ತೆಗೆದಿದ್ದರು. ಮೂಗು ಅರಳಿಸಿ ನನ್ನನ್ನೊಮ್ಮೆ, ಕೋಟನ್ನೊಮ್ಮೆ ನೋಡಿ, ಬೀಡಿಯನ್ನು ಜೇಬಿಗೆ ಹಾಕಿಕೊಂಡು, “ನಿಂದ್ರಸೋ ತಮ್ಮಾ, ನಾ ಹಿಂದಿನ ಗಾಡಿಗೆ ಬರತೇನಿ,” ಎಂದು ಇಳಿದೇ ಬಿಟ್ಟರು.

ಹುಕ್ಕೇರಿಯ ಮಂಗಲ ಕಾರ್ಯಾಲಯದ ಬಾಗಿಲಲ್ಲೇ ಬೀರಪ್ಪ ನಿಂತಿದ್ದ. ನನ್ನನ್ನು ಕಂಡವನೇ ಓಡಿ ಬಂದು ಅಪ್ಪಿಕೊಂಡ. ಅಪ್ಪಿಕೊಂಡವನು ಹಾಗೆಯೇ ನಿಂತ. ಮೆಲ್ಲಗೆ ಹಿಂದೆ ಸರಿದ.

“ಏನೋ ಇದು? ಬಂಕಿನ್ಯಾಗ ಜಳಕಾ ಮಾಡಿ ಬಂದೀ ಏನು?”

“ಆಮ್ಯಾಲೆ ಹೇಳತೇನಿ. ಮೊದಲ ಹುಡುಗಗ ತೊಡಸೂಣು!”

ಅಕ್ಕಿಕಾಳಿನ ಹೊತ್ತು, ಅಂದರೆ ಮುಹೂರ್ತ, ಹತ್ತಿರವಾಗಿತ್ತು. ಯಾರಿಗೂ ಕೇಳಲು ಪುರಸೊತ್ತಿರಲಿಲ್ಲ. ಸಿದ್ದು ಬಿಳಿ ಅಂಗಿ, ಪ್ಯಾಂಟು ತೊಟ್ಟ. ಮೇಲೆ ನಾನು ಕೋಟು ತೊಡಿಸಿದೆ. ಹುಡುಗ ರಾಜಕುಮಾರನಂತೆ ಕಂಡ. ಒಂದೆರಡು ಸಲ ಸೀನಿದ. “ಕಾಕಾ, ತಲಿ ತಿರಗಾಕತ್ತೈತಿ,” ಎಂದ ಸಣ್ಣಗೆ.

“ಮದುವಿ ಅಂದ್ರ ಎಲ್ಲಾರಿಗೂ ಹಂಗ ಆಗತೈತಿ, ನಡಿ!” ಎಂದೆ.

ಅವನು ಮಂಟಪದ ಎದುರು ಬಂದು ನಿಂತ. ಜನ “ಕೋಟು ಬಂತು, ಕೋಟು ಬಂತು” ಎಂದು ಕತ್ತು ಚಾಚಿದರು. ಎದುರಿನಿಂದ ಕನ್ಯೆಯ ಅವ್ವ ಮುಂದಾಗಿ, ಹಿಂದೆ ಮುತ್ತೈದೆಯರ ಸಾಲು, ಎಲ್ಲರ ಕೈಯಲ್ಲೂ ಆರತಿ. ದೀಪಗಳು ನಿಗಿನಿಗಿ ಉರಿಯುತ್ತಿದ್ದವು. ಹತ್ತಿರ ಬಂದರು. ಕನ್ಯೆಯ ಅವ್ವ ತಟ್ಟೆ ಎತ್ತಿದರು.

ಆಗ ನನಗೆ ಅರಿವಾಯಿತು. ಪೆಟ್ರೋಲ್. ದೀಪ. ನಡುವೆ ಸಿದ್ದು.

“ನಿಂದ್ರಸ್ರೀ!” ಎಂದು ನಾನು ಕಿರುಚಿದೆ.

ಬ್ಯಾಂಡು ನಿಂತಿತು. ಭಟ್ಟರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ತುಂಬಿದ ಮದುವೆಯಲ್ಲಿ ಒಬ್ಬ ಮನುಷ್ಯ ಓಡಿ ಬಂದು “ನಿಲ್ಲಿಸಿ” ಎಂದರೆ ಜನ ಏನು ತಿಳಿಯುತ್ತಾರೆ? ಕನ್ಯೆಯ ಅಪ್ಪ ಬಿಳಿಚಿಕೊಂಡು, “ಯಾಕ್ರಿ, ಹುಡುಗಗ ಮೊದಲಽ ಒಂದು ಮದುವಿ ಆಗೈತೇನು?” ಎಂದರು.

“ಛೇ ಛೇ, ಹಂಗಲ್ರಿ!” ಎಂದು ನಾನು ಗಾಬರಿಯಲ್ಲಿ ಸಮಾಧಾನ ಹೇಳಿದೆ. “ಹುಡುಗ ಅಗದಿ ಚಲೋ ಅದಾನ್ರಿ. ಆದ್ರ ಹತ್ರ ಹೋದ್ರ ಬೆಂಕಿ ಹತ್ತತಾನ!”

ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು “ಯವ್ವಾ!” ಎಂದು ಕೂಗಿದಳು. ಸಿದ್ದುವಿನ ಮುಖ ನೋಡುವಂತಿರಲಿಲ್ಲ. ಒಳಗಿನ ಕೋಣೆಯ ಬಾಗಿಲಿನಿಂದ ಮದುಮಗಳೂ ಇಣುಕಿ ನೋಡಿದಳು.

ಕೊನೆಗೆ ಹಸೀನಾ ಮುಂದೆ ಬಂದಳು. “ಏನೂ ಇಲ್ರಿ ಅವ್ವಾರ. ನಮ್ಮ ಮನಿಯವರು ದಾರ್ಯಾಗ ಕಾರು ರಿಪೇರಿ ಮಾಡಿದ್ರು. ಕೋಟಿನ ಮ್ಯಾಲೆ ಪೆಟ್ರೋಲ್ ಬಿದ್ದೈತಿ. ಆರತಿ ದೂರ ಹಿಡೀರಿ.”

ಕನ್ಯೆಯ ಅವ್ವ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಎಲ್ಲೋ ಒಂದು ಕಡೆ ಕಿಸಕ್ಕೆಂದಿತು. ನೋಡನೋಡುತ್ತಾ ಇಡೀ ಕಾರ್ಯಾಲಯ ನಗತೊಡಗಿತು. ಬ್ಯಾಂಡಿನವರು ಕಹಳೆ ಕೆಳಗಿಟ್ಟು ನಕ್ಕರು. ಭಟ್ಟರು ಪಂಚಾಂಗದ ಮರೆಯಲ್ಲಿ ನಕ್ಕರು. ಮದುಮಗಳಂತೂ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಅದನ್ನು ಕಂಡು ಸಿದ್ದುವೂ ನಕ್ಕ. ಹುಕ್ಕೇರಿಯಲ್ಲಿ ಅಂದು ನಗದಿದ್ದವರು ಇಬ್ಬರೇ. ನಾನು, ಮತ್ತು ಬೀರಪ್ಪ.

ಬೀರಪ್ಪ ನನ್ನ ಕಡೆ ನೋಡಲಿಲ್ಲ. ಮಗನ ಕೋಟಿನ ಗುಂಡಿಗಳನ್ನು ತಾನೇ ಬಿಚ್ಚಿ, ತೋಳಿನ ಮೇಲೆ ಹಾಕಿಕೊಂಡು ಹೊರಗೆ ಹೋದ. ಅದು ನನಗೆ ಪೆಟ್ರೋಲಿಗಿಂತ ಹೆಚ್ಚು ಉರಿಯಿತು.

ಸಿದ್ದು ಬರೀ ಅಂಗಿಯಲ್ಲಿ ನಿಂತಿದ್ದ. ಅಷ್ಟು ದೊಡ್ಡ ಮಂಟಪದಲ್ಲಿ ಬ್ಯಾಂಕಿನಲ್ಲಿ ಸರದಿಗೆ ನಿಂತವನಂತೆ ಕಾಣುತ್ತಿದ್ದ. ಆಗ ಅವನ ಅಜ್ಜ, ಬೀರಪ್ಪನ ಅಪ್ಪ ಲಕ್ಕಪ್ಪಜ್ಜ, ಕುರ್ಚಿಯಿಂದ ಎದ್ದರು. ಹೆಗಲ ಮೇಲಿನ ಕರಿ ಕಂಬಳಿಯನ್ನು ತೆಗೆದು, ಒಮ್ಮೆ ಕೊಡವಿ, ಮೊಮ್ಮಗನ ಹೆಗಲಿಗೆ ಹೊದಿಸಿದರು.

“ನಮ್ಮ ಕುರಿ ಉಣ್ಣಿದು. ನಾನಽ ನೇಯ್ದಿದ್ದು,” ಎಂದರು. “ಇದಕ್ಕ ಇಸ್ತ್ರಿನೂ ಬ್ಯಾಡ, ಕಾರೂ ಬ್ಯಾಡ.”

ಬಿಳಿ ಅಂಗಿ, ಮೇಲೆ ಕೆಂಪಂಚಿನ ಕರಿ ಕಂಬಳಿ, ತಲೆಗೆ ಹಳದಿ ರುಮಾಲು. ಹುಡುಗ ಎದೆ ಸೆಟೆದು ನಿಂತ. ಏನು ಹೇಳಲಿ? ನನ್ನ ವೃತ್ತಿಯ ಮೇಲೆ ಆಣೆ ಮಾಡಿ ಹೇಳುತ್ತೇನೆ, ಅಷ್ಟು ಚೆಂದದ ಮದುಮಗನನ್ನು ನಾನು ನೋಡಿರಲಿಲ್ಲ. ಆರತಿ ಬೆಳಗಿದರು, ಅಕ್ಕಿಕಾಳು ಬಿದ್ದವು, ಎಲ್ಲರ ಕೈಯಲ್ಲೂ ಮೊಬೈಲುಗಳು ಎದ್ದವು.

ಊಟದ ಪಂಕ್ತಿಯಲ್ಲಿ ನಾನು ಮೂಲೆ ಹಿಡಿದು ಕುಳಿತಿದ್ದೆ. ಅಕ್ಕಪಕ್ಕದ ಎಲೆಗಳು ಖಾಲಿ ಇದ್ದವು; ನನ್ನ ವಾಸನೆಗೆ ಯಾರೂ ಕುಳಿತಿರಲಿಲ್ಲ. ಬೀರಪ್ಪ ಹುಗ್ಗಿಯ ಬಕೆಟ್ಟು ಹಿಡಿದು ಬಂದ. ನನ್ನ ಎಲೆಗೆ ಒಂದು ಸೌಟು ಹಾಕಿದ. ಇನ್ನೊಂದು ಹಾಕಿದ. ಬೇಡವೆಂದರೂ ಮತ್ತೊಂದು ಹಾಕಿದ. ನಾನು ತಲೆ ಎತ್ತಲಿಲ್ಲ.

“ತಪ್ಪಾತು ದೋಸ್ತ,” ಎಂದೆ.

“ನಿನ್ನ ಆಯಾರ ಮುಟ್ಟೇತಿ,” ಎಂದ ಬೀರಪ್ಪ. “ಕಾರ್ಯಾಲಯದಾಗಿನ ಎಲ್ಲಾರ ಮೂಗಿಗೂ ಮುಟ್ಟೇತಿ.” ಹೀಗೆ ಹೇಳಿ ಬಕೆಟ್ಟು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಬೆಳಗಿನಿಂದ ಕಟ್ಟಿಟ್ಟ ನಗೆಯಾಗಿರಬೇಕು, ಮುಗಿಯಲೇ ಇಲ್ಲ. ಕಡೆಗೆ ಅವನೂ ನನ್ನ ಪಕ್ಕದ ಖಾಲಿ ಎಲೆಯ ಮುಂದೆ ಕುಳಿತು ಊಟ ಮಾಡಿದ. ಮೂಗಿಗೆ ಟವೆಲು ಕಟ್ಟಿಕೊಂಡು!

ಮರುದಿನ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಹುಕ್ಕೇರಿಯ ಗ್ಯಾರೇಜಿಗೆ ಎಳೆಸಿದೆವು. ಪಂಪು ಸುಟ್ಟು ಕರಕಲಾಗಿತ್ತು. ಮಿಸ್ತ್ರಿ ಹೊಸದನ್ನು ಹಾಕುತ್ತಾ, ಈ ಪಂಪು ಪೆಟ್ರೋಲಿನಲ್ಲಿ ಮುಳುಗಿದ್ದರೆ ತಣ್ಣಗಿರುತ್ತದೆ, ಟಾಕಿ ಯಾವಾಗಲೂ ಖಾಲಿ ಇದ್ದರೆ ಕಾದು ಸಾಯುತ್ತದೆ ಎಂದ. “ಯಾರ್ರಿ ಹಿಂಗ ಖಾಲಿ ಟಾಕಿ ಮ್ಯಾಲೆ ಓಡಿಸಿದವ್ರು?” ಎಂದು ಕೇಳಿದ.

“ಹಿಂದಿನ ಮಾಲಕರು ಇರಬೇಕು,” ಎಂದೆ ನಾನು.

“ಸೈನ್ಸ್ ಓದಿದವರು ಇರಬೇಕು,” ಎಂದಳು ಹಸೀನಾ.

ಇದಾಗಿ ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಮೂಡಲಗಿಯ ಕಡೆಯ ಒಬ್ಬರು, ಮದುವೆ ಗೊತ್ತಾದ ಮಗನನ್ನು ಕರೆದುಕೊಂಡು ನನ್ನ ಅಂಗಡಿ ಹುಡುಕಿಕೊಂಡು ಬಂದರು. “ಬೀರಪ್ಪನ ಮಗನ ಮದುವಿ ಡ್ರೆಸ್ ಮಾಡಿಸಿದವ್ರು ನೀವಽ ಏನ್ರಿ?” ಎಂದು ಕೇಳಿದರು. ನನ್ನ ಎದೆ ಉಬ್ಬಿತು. ಕುರ್ಚಿ ಒರೆಸಿ ಕೂರಿಸಿದೆ, ಚಹಾ ತರಿಸಿದೆ, ಬಟ್ಟೆಯ ಥಾನುಗಳನ್ನು ಬಿಚ್ಚಿ ಹರಡಿದೆ, ಟೇಪು ಹಿಡಿದು ಹುಡುಗನ ಎದುರು ನಿಂತೆ.

ಹುಡುಗ ಮೊಬೈಲಿನಲ್ಲಿ ಫೋಟೋ ತೋರಿಸಿದ. ಸಿದ್ದು, ಹೆಗಲ ಮೇಲೆ ಕರಿ ಕಂಬಳಿ.

“ನಮಗೂ ಇಂಥಾದ್ದಽ ಬೇಕ್ರಿ,” ಎಂದರು ತಂದೆ. “ಈ ಕಂಬಳಿ ನೇಯೋ ಅಜ್ಜನ ಮನಿ ಎಲ್ಲೈತಿ, ಒಂಚೂರು ಹೇಳ್ರಿ. ನಿಮಗ ತ್ರಾಸ ಬ್ಯಾಡ.”

ನಾಗನೂರಿನ ದಾರಿ ಹೇಳಿದೆ. ಚಹಾ ಕುಡಿದು ಕೈ ಮುಗಿದು ಹೊರಟು ಹೋದರು. ಥಾನುಗಳನ್ನು ಒಂದೊಂದಾಗಿ ಸುತ್ತುತ್ತಾ ಕುಳಿತಿದ್ದಾಗ ಒಳಗಿನಿಂದ ಹಸೀನಾ ಕೇಳಿದಳು:

“ಏನಂದ್ರು? ಅಳತಿ ಆತೇನ್ರಿ?”

“ಆತು,” ಎಂದೆ. “ನಂದು.”